ಕೆಳಗೆ ಮೀಠುಂ ಇರುವ ಊರು

ಆ ಜಾಗಕ್ಕೆ ನಾನು ತೆತ್ತದ್ದು ಒಂದು ಹೊಸ ಕಾರಿನ ಬೆಲೆ. ಕಾರನ್ನೇ ಕೊಳ್ಳಬಹುದಿತ್ತು ಎಂದು ಹೆಂಡತಿ ಈಗಲೂ ನೆನಪಿಸುತ್ತಾಳೆ. ಆದರೆ ಅಹಮದಾಬಾದಿನ ನವರಂಗಪುರದಲ್ಲಿ ನಮ್ಮ ಇಡ್ಲಿ-ದೋಸೆ ಹೋಟೆಲಿನ ಬಾಡಿಗೆ ಏರುತ್ತಲೇ ಇತ್ತು. ಇತ್ತ ಕಚ್ಛಿನ ಚಿಕ್ಕ ರಣ ಎಂಬ ಉಪ್ಪುಬಯಲಿನ ಅಂಚಿನ ಈ ಸಣ್ಣ ಊರಿನ ಮುಂದೆ ಉಪ್ಪು ಹೊತ್ತ ಲಾರಿಗಳು ಸಾಲುಗಟ್ಟಿ ಹೋಗುವುದನ್ನು ಕಣ್ಣಾರೆ ಕಂಡಿದ್ದೆ. ಲಾರಿ ಇದ್ದಲ್ಲಿ ಹಸಿವು ಇದ್ದೇ ಇರುತ್ತದೆ. ಸ್ವಂತ ನೆಲದಲ್ಲಿ ಸ್ವಂತ ಹೋಟೆಲು. ನೀರೊಂದು ಸರಿಯಿದ್ದರೆ ಆಯಿತು.

ಊರಿಗೆ ಎರಡು ಮಗ್ಗುಲು. ಪಡುವಣಕ್ಕೆ ರಣ. ಮಳೆಗಾಲದಲ್ಲಿ ಅದು ನೀರು, ಆಮೇಲೆ ಕಣ್ಣು ಹಾಯುವಷ್ಟು ದೂರ ಬಿರುಕುಬಿಟ್ಟ ಬೂದು ನೆಲ. ಮಳೆ ಕಳೆದ ಮೇಲೆ ಅರ್ಧ ಊರು ಅಲ್ಲಿ ಗುಡಿಸಲು ಹಾಕಿ, ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಹರಳುಗಟ್ಟಿಸುತ್ತದೆ. ಮೂಡಣಕ್ಕೆ ತುಸು ಎತ್ತರದ ನೆಲ. ಅಲ್ಲಿ ಕೆರೆ, ಮುರಿದ ಕೋಟೆಬಾಗಿಲು, ಹಳೆಯ ಮನೆಗಳು. ನನ್ನ ಜಾಗ ಪಡುವಣಕ್ಕೆ, ರಸ್ತೆಗೆ ತಾಗಿಕೊಂಡೇ ಇತ್ತು.

ಮಾರಿದವರು ಒಬ್ಬ ವಯಸ್ಸಾದ ಹೆಂಗಸು. ಊರಿಗೆಲ್ಲ ಅವರು ‘ಬಾ’, ಅಂದರೆ ಅಮ್ಮ. ಅವರ ಮನೆ ಮೂಡಣದಲ್ಲಿ. ಚೌಕಾಸಿಯ ಭರದಲ್ಲಿ ನೆಲಕ್ಕೆ ಬೆರಳು ತೋರಿಸಿ, “ಬಾ, ಕೆಳಗೆ ಹೇಗಿದೆ?” ಎಂದು ಕೇಳಿದ್ದೆ.

“ಮೀಠುಂ, ಭಾಯಿ. ಎಲ್ಲ ಮೀಠುಂ.”

ಗುಜರಾತಿಯಲ್ಲಿ ಸಿಹಿಗೂ ಮೀಠುಂ, ಉಪ್ಪಿಗೂ ಮೀಠುಂ. ನಮ್ಮ ಹೋಟೆಲಿನಲ್ಲಿ ದಿನಾ ಗಿರಾಕಿಗಳು ಮೀಠುಂ ಎಂದಾಗ ಉಪ್ಪಿನ ಡಬ್ಬಿ ಮುಂದಿಟ್ಟವನೇ ನಾನು. ಆದರೆ ಆವತ್ತು ತಲೆಯಲ್ಲಿ ನೀರೇ ತುಂಬಿತ್ತು. ಸಿಹಿ ಎಂದೇ ಕೇಳಿಸಿತು. ಅಲ್ಲೇ ಕೈಕುಲುಕಿದೆ.

ಬೋರು ಕೊರೆಸಿ ಮೊದಲ ನೀರಿನಲ್ಲಿ ಹೆಂಡತಿ ಕಾಫಿ ಮಾಡಿದಳು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

“ಎಂತ ಮಾರಾಯ್ರೇ, ಉಪ್ಪಿನಕಾಯಿ ಹಾಕ್ಲಿಕ್ಕೆ ತಗೊಂಡದ್ದಾ ಈ ಜಾಗ?”

ಗೋಡೆ ಎದ್ದಾಗಿತ್ತು, ನವರಂಗಪುರದ ಹೋಟೆಲು ಬಿಡುವುದಾಗಿ ಹೇಳಿಯೂ ಆಗಿತ್ತು. ನೀರಿಲ್ಲದೆ ಇಡ್ಲಿಯೂ ಇಲ್ಲ, ನಾವೂ ಇಲ್ಲ. ಸಿಟ್ಟಿನಲ್ಲೇ ಬಾ ಅವರ ಮನೆಗೆ ಹೋದೆ.

“ನೀವೇ ಮೀಠುಂ ಅಂದಿರಲ್ಲ!”

“ಅಂದೆ. ಉಪ್ಪಿನ ಊರಿನ ಕೆಳಗೆ ಇನ್ನೇನು, ಜಿಲೇಬಿ ಇರುತ್ತದಾ?” ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ಅಯ್ಯೋ ಅಣ್ಣಾ, ನೀವು ನೀರು ಕೇಳಿದ್ದಾ? ನಾನು ನೆಲದ ಮಾತು ಅಂದುಕೊಂಡೆ.”

ಆಮೇಲೆ ನೋಯುವ ಮೊಣಕಾಲಿನಲ್ಲೇ ನನ್ನನ್ನು ಕೋಟೆಬಾಗಿಲಿನವರೆಗೆ ನಡೆಸಿದರು. ಒಂದು ಕಾಲಕ್ಕೆ ಕಡಲು ಇಲ್ಲಿಯವರೆಗೂ ಇತ್ತಂತೆ, ದೋಣಿಗಳನ್ನು ಈ ಕಲ್ಲಿಗೇ ಕಟ್ಟುತ್ತಿದ್ದರಂತೆ. ಅವರ ಅಜ್ಜಿ ಹೇಳಿದ್ದು. ಕಡಲು ಹಿಂದೆ ಸರಿದು ಉಪ್ಪನ್ನು ಬಿಟ್ಟುಹೋಯಿತು. ಅದಕ್ಕೇ ಹಿರಿಯರು ಎತ್ತರದಲ್ಲಿ ಮನೆ ಕಟ್ಟಿ, ಅಂಗಳದ ಕೆಳಗೆ ಮಳೆನೀರಿನ ತೊಟ್ಟಿ ತೋಡಿದರು. ಕಡಲ ದಂಡೆಯಲ್ಲಿ ಹುಟ್ಟಿದ ನಾನು, ಕಡಲು ಬಿಟ್ಟುಹೋದ ನೆಲವನ್ನೇ ಹುಡುಕಿ ಕೊಂಡಿದ್ದೆ.

ಬಾ ತಮ್ಮ ತೊಟ್ಟಿಯ ಮುಚ್ಚಳ ತೆಗೆದು ಒಂದು ಲೋಟ ನೀರು ಕೊಟ್ಟರು. ತಣ್ಣಗೆ, ಸಿಹಿಯಾಗಿತ್ತು. “ನೀವೂ ಒಂದು ತೊಟ್ಟಿ ತೋಡಿಸಿ. ಅದು ತುಂಬುವವರೆಗೆ ಅಡುಗೆಗೆ ಇಲ್ಲಿಂದ ಒಯ್ಯಿರಿ” ಎಂದರು. ನಾನು ಬೆಲೆ ಕೇಳಿದ್ದಕ್ಕೆ ಬೈದರು.

ಹೋಟೆಲು ಶುರುವಾದದ್ದು ಆ ನೀರಿನಲ್ಲೇ. ಮುಂದಿನ ಮಳೆಗೆ ನನ್ನ ತೊಟ್ಟಿಯೂ ತುಂಬಿತು. ಬಾ ಈಗಲೂ ಬರುತ್ತಾರೆ. ಸಾಂಬಾರು ಬಾಯಿಗಿಟ್ಟು, “ಅಣ್ಣಾ, ಮೀಠುಂ ಸಾಲದು” ಎನ್ನುತ್ತಾರೆ. ನಾನು ಉಪ್ಪು, ಬೆಲ್ಲ ಎರಡನ್ನೂ ತಂದಿಡುತ್ತೇನೆ. ಅವರು ಯಾವುದನ್ನೂ ಮುಟ್ಟದೆ ನಗುತ್ತಾರೆ.

ಕಾಣದ ಊರಿನಲ್ಲಿ ಜಾಗ ನೋಡುತ್ತಿದ್ದೀರಾ? ದರದ ಮಾತು ಆಮೇಲಿರಲಿ. ಹಳೆಯ ಮನೆಗಳು ಯಾವ ಕಡೆ ಇವೆ ಎಂದು ಮೊದಲು ನೋಡಿ. ಹಿರಿಯರು ಸುಮ್ಮನೆ ಅಲ್ಲಿ ಕಟ್ಟಿರುವುದಿಲ್ಲ. ನೀರು ಹೇಗಿದೆ ಎಂದು ಕೇಳಬೇಡಿ, ಆ ನೆಲದ ಪಕ್ಕದ ಮನೆಗೆ ಹೋಗಿ ಒಂದು ಲೋಟ ಕೇಳಿ ಕುಡಿಯಿರಿ. ಎಷ್ಟು ಭಾಷೆ ಬಂದರೂ ಅಷ್ಟೇ, ಕುಡಿದೇ ನೋಡಿ. ಕೊಟ್ಟವರ ಮನೆಯನ್ನು ಮಾತ್ರ ಮರೆಯಬೇಡಿ.