ಕಡಿಮೆ ಆಗ್ತದಾ ಡಾಕ್ಟ್ರೇ?

ಮೊಮ್ಮಗಳು ಊಟಕ್ಕೆ ಬಂದು ಪಕ್ಕದಲ್ಲಿ ಕುಳಿತಾಗ ಅವಳ ಕೈಯಿಂದ ಸ್ಪಿರಿಟ್ಟಿನ ವಾಸನೆ ಬಂತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಒದ್ದೆಯಾದ ನಾಯಿಕೂದಲಿನದು. ನಾನು ಆ ಕೈಯನ್ನು ಹಿಡಿದುಕೊಂಡೆ, ಬಿಡಲಿಲ್ಲ. "ಎಂತ ಅಜ್ಜಿ, ಎರಡು ಸಲ ಸೋಪು ಹಾಕಿ ತೊಳೆದಿದ್ದೇನೆ" ಎಂದು ಅವಳು ನಕ್ಕಳು. ನನಗೆ ನಗುವೂ ಬಂತು, ಅಳುವೂ ಬಂತು. ಅನ್ನ ತಣ್ಣಗಾಯಿತು.

ಮೂಡುಬಿದಿರೆ ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಅವಳು ಪ್ರಾಣಿಗಳ ಕ್ಲಿನಿಕ್ ತೆರೆದು ಇನ್ನೂ ತಿಂಗಳು ತುಂಬಿಲ್ಲ. ಬೀಡಿ ಸುತ್ತಿ ಸುತ್ತಿ ಬೆರಳಿನ ಗೆರೆ ಸವೆದುಹೋದವಳ ಮೊಮ್ಮಗಳು ಡಾಕ್ಟ್ರು! ಈ ಸಂತೋಷವನ್ನು ನಾನು ಎಲ್ಲಿ ಇಡಲಿ? ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ ಹೇಳಿದ್ದೇನೆ. ಟಿಕೆಟು ಕೊಡಲು ಬಂದ ಕಂಡಕ್ಟರನಿಗೂ ಹೇಳಿದೆ. "ಓ, ದನದ ಡಾಕ್ಟ್ರಾ?" ಎಂದ ಅವನು, ತುಟಿಯ ತುದಿಯಲ್ಲಿ. "ಹೌದು ಮಾರಾಯ, ದನ, ನಾಯಿ, ಬೆಕ್ಕು, ಕೋಳಿ ಎಲ್ಲ ನೋಡ್ತಾಳೆ. ನೀನೂ ಒಂದು ದಿನ ಬಾ, ನಿನ್ನದೂ ನೋಡುವ" ಎಂದೆ. ಬಸ್ಸಿಡೀ ನಕ್ಕಿತು. ಮಗಳ ಮನೆಗೆ ಎರಡು ದಿನಕ್ಕೆಂದು ಬಂದವಳು ಮೂರು ವಾರವಾದರೂ ಹಿಂದೆ ಹೋಗಿಲ್ಲ. ಬೆಳಿಗ್ಗೆ ಎದ್ದು ಅವಳ ಜೊತೆಗೇ ಕ್ಲಿನಿಕ್ಕಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತೇನೆ. ಬಂದವರಿಗೆಲ್ಲ ಒಂದೇ ಮಾತು: ಒಳಗೆ ಇರುವವಳು ನನ್ನ ಮೊಮ್ಮಗಳು.

ಆದರೆ ಆ ಸ್ಪಿರಿಟ್ಟಿನ ವಾಸನೆ... ಅದು ನನ್ನ ಅಂಗಳಕ್ಕೆ ಮೊದಲು ಬಂದದ್ದು ಅವಳು ಹುಟ್ಟುವುದಕ್ಕೂ ಮೊದಲು. ಸುಮಾರು ಮೂವತ್ತೈದು ವರ್ಷ ಆಗಿರಬೇಕು. ಒಬ್ಬ ಡಾಕ್ಟ್ರು ಅದನ್ನು ಸೈಕಲಿನ ಮೇಲೆ ತಂದಿದ್ದರು.

ಆಗ ನಾವು ಪುಂಜಾಲಕಟ್ಟೆಯ ಹತ್ತಿರ ಇದ್ದೆವು. ನಾನು, ಐದನೇ ಕ್ಲಾಸಿನಲ್ಲಿ ಓದುತ್ತಿದ್ದ ಮಗಳು, ಮತ್ತೆ ಬೊಳ್ಳು. ಬೊಳ್ಳು ಬಿಳೀ ನಾಯಿ, ಒಂದು ಕಿವಿ ಮಾತ್ರ ಕಂದು. ನನ್ನ ಯಜಮಾನರು ತೀರಿಕೊಂಡ ವರ್ಷ ಅದು ಎಲ್ಲಿಂದಲೋ ಬಂದು ಜಗಲಿಯ ಕೆಳಗೆ ಮಲಗಿತು, ಮತ್ತೆ ಹೋಗಲಿಲ್ಲ. ಬೀಡಿಯ ಕಟ್ಟು ಹಿಡಿದು ನಾನು ಬೀಡಿ ಕಂಪೆನಿಯ ಬ್ರಾಂಚಿಗೆ ನಡೆಯುವಾಗ ಮುಂದೆ ಮುಂದೆ ಹೋಗುತ್ತಿತ್ತು. ನಾನು ಬೀಡಿ ಕೊಟ್ಟು, ಎಲೆ ಹೊಗೆಸೊಪ್ಪು ತೆಗೆದುಕೊಂಡು ಹೊರಗೆ ಬರುವ ತನಕ ಬಾಗಿಲಲ್ಲೇ ಕಾಯುತ್ತಿತ್ತು. ಒಂಟಿ ಹೆಂಗಸಿಗೆ ಅಷ್ಟು ಧೈರ್ಯ ಸಾಕಾಗುತ್ತದೆ.

ಒಂದು ದಿನ ಅದು ಏಳಲಿಲ್ಲ. ಮೈ ಸುಡುತ್ತಿತ್ತು. ಮಗಳು ಶಾಲೆಗೆ ಹೋಗದೆ ಅದರ ತಲೆಯನ್ನು ಮಡಿಲಲ್ಲಿಟ್ಟು ಕುಳಿತುಬಿಟ್ಟಳು. "ದನದ ಆಸ್ಪತ್ರೆಗೆ ಹೊಸ ಡಾಕ್ಟ್ರು ಬಂದಿದ್ದಾರಂತೆ, ನಾಯಿಯನ್ನೂ ನೋಡ್ತಾರಂತೆ" ಎಂದು ಯಾರೋ ಹೇಳಿದರು. ನಾಯಿಗೆ ಡಾಕ್ಟ್ರು ಎಂಬುದನ್ನು ನಾವು ಅಲ್ಲಿಯವರೆಗೆ ಕೇಳಿರಲಿಲ್ಲ. ನಾಯಿ ಉಳಿದರೆ ಉಳಿಯಿತು, ಹೋದರೆ ಇನ್ನೊಂದು ಬಂತು, ಅಷ್ಟೇ.

ಡಾಕ್ಟ್ರು ಬಂದರು. ಘಟ್ಟದ ಮೇಲಿನವರು, ತೆಳ್ಳಗಿನ ಮನುಷ್ಯ, ಬಿಳೀ ಅಂಗಿ. ಅಂಗಳದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಬೊಳ್ಳುವಿನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಕಿವಿಯ ಒಳಗಿಂದ ಒಂದೊಂದೇ ಉಣ್ಣಿ ತೆಗೆದು ಕಲ್ಲಿನ ಮೇಲಿಟ್ಟು ಹೊಸಕಿದರು. ಉಣ್ಣಿ ಕಚ್ಚಿ ಬರುವ ಜ್ವರ, ದಿನಕ್ಕೊಂದರಂತೆ ಐದು ಸೂಜಿ ಹಾಕಬೇಕು ಎಂದರು. ಫೀಸು ಹೇಳಿದರು. ಒಂದು ದಿನ ಬೆಳಗಿನಿಂದ ಸಂಜೆ ತನಕ ಬೀಡಿ ಸುತ್ತಿದರೆ ನನಗೆ ಸಿಗುವಷ್ಟು. ಐದು ಸೂಜಿಗೆ ಐದು ದಿನದ ಬೀಡಿ.

 ನಾವು ಮನೆಯಲ್ಲಿ ತುಳು ಮಾತಾಡುವವರು, ಕನ್ನಡ ಬೇಕೆಂದರೆ ಶಾಲೆಯ ಪುಸ್ತಕದಿಂದ ತೆಗೆದು ಆಡಬೇಕು. ಹೆದರಿ ಹೆದರಿ ಕೇಳಿದೆ: "ಕಡಿಮೆ ಆಗ್ತದಾ ಡಾಕ್ಟ್ರೇ?"

"ಖಂಡಿತ ಆಗುತ್ತಮ್ಮ" ಎಂದರು ಅವರು, ಬೊಳ್ಳುವಿನ ಬೆನ್ನು ಸವರುತ್ತಾ. "ನಾಡಿದ್ದಿಗೇ ಅರ್ಧ ಕಡಿಮೆ ಆಗಿರುತ್ತೆ. ಐದನೇ ದಿನಕ್ಕೆ ಪೂರ್ತಿ."

ನಾನು ಕೇಳಿದ್ದು ಫೀಸು, ಅವರು ಹೇಳಿದ್ದು ಜ್ವರ. ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯ ಅಕ್ಕ ಸೆರಗು ಬಾಯಿಗಿಟ್ಟು ನಕ್ಕದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಐದನೇ ದಿನ ಫೀಸು ಪೂರ್ತಿ ಕಡಿಮೆ ಆಗ್ತದಂತೆ, ಕಾದು ಕೂತುಕೋ" ಎಂದು ಮತ್ತೆ ಎರಡು ದಿನ ನನ್ನನ್ನು ಕಂಡಲ್ಲಿ ಗೇಲಿ ಮಾಡಿದಳು. ನಾನೂ ನಕ್ಕೆ. ನಗುವ ಹಾಗೇ ಇತ್ತು.

ಎರಡನೆಯ ಸೂಜಿಯಾದ ಸಂಜೆ ಬೊಳ್ಳು ಎದ್ದು ನಿಂತಿತು. ಗಂಜಿ ನೆಕ್ಕಿತು, ಬಾಲ ಆಡಿಸಿತು. ಮಗಳ ಕುಣಿತ ಹೇಳುವುದು ಬೇಡ. ಪಕ್ಕದ ಮನೆಯ ಅಕ್ಕ ಮಾತ್ರ ತಲೆಯಾಡಿಸಿದಳು. "ನಾಯಿ ಎದ್ದು ನಿಂತದ್ದು ನಿನಗೆ ಕಾಣುವುದಿಲ್ವಾ? ಇನ್ನು ಮೂರು ಸೂಜಿ ನಾಯಿಗಲ್ಲ ಮಾರಾಯ್ತಿ, ಅವರ ಕಿಸೆಗೆ."

ಆ ಮಾತು ನನಗೆ ಹೊಕ್ಕಿತು. ಯಾಕೆ ಹೊಕ್ಕಿತು ಎಂದು ಈಗ ಯೋಚಿಸಿದರೆ ನನ್ನ ಕಣ್ಣ ಮುಂದೆ ಬರುವುದು ಬೀಡಿ ಬ್ರಾಂಚು. ಅಲ್ಲಿ ಚೆಕ್ಕರ್ ಕಟ್ಟುಗಳನ್ನು ಬಿಚ್ಚಿ, ಇದು ಸಪೂರ, ಇದು ಸಡಿಲ ಎಂದು ನಾವು ಕಟ್ಟಿದ ಬೀಡಿಯನ್ನು ಬದಿಗೆ ಎಳೆದು ಹಾಕುತ್ತಿದ್ದ. ಹಾಕಿದ್ದು ಹಾಕಿದ್ದೇ, ಅದಕ್ಕೆ ಮಜೂರಿ ಇಲ್ಲ. ಆದರೆ ಅಪರೂಪಕ್ಕೆ ಒಂದೊಂದು ದಿನ ಅವನು, "ಇವತ್ತು ನಿನ್ನದು ಏನೂ ತೆಗೆಯುವುದಿಲ್ಲ, ಹೋಗು" ಎಂದು ನಗುತ್ತಿದ್ದ. ಆ ದಿನ ನಾವು ಹೆಂಗಸರೆಲ್ಲ ಎಚ್ಚರವಾಗುತ್ತಿದ್ದೆವು. ನಮಗೆ ಕೊಡುವ ಹೊಗೆಸೊಪ್ಪನ್ನು ತೂಕದಲ್ಲಿ ಹೊಡೆದಿರುತ್ತಿದ್ದ. ಬಿಟ್ಟುಕೊಟ್ಟವನು ಎಲ್ಲೋ ಜಾಸ್ತಿ ಎಳೆದುಕೊಂಡಿರುತ್ತಾನೆ ಎಂಬುದು ನಾನು ಬದುಕಿನಲ್ಲಿ ಕಲಿತ ದೊಡ್ಡ ಲೆಕ್ಕ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಬೇರೆ ಲೆಕ್ಕ ಕಲಿಸುವವರು ಯಾರಿದ್ದರು?

ಮೂರನೆಯ ಬೆಳಿಗ್ಗೆ ಡಾಕ್ಟ್ರು ಬಂದಾಗ ನಾನು ಗೇಟಿಗೆ ಅಡ್ಡ ನಿಂತೆ. ನಾಯಿಗೆ ಗುಣವಾಗಿದೆ, ಸೂಜಿ ಬೇಡ ಎಂದೆ. ಅವರು ನನ್ನ ಭುಜದ ಆಚೆಗೆ ಬೊಳ್ಳುವನ್ನು ನೋಡಿದರು. ಮತ್ತೆ ನನ್ನ ಮುಖ ನೋಡಿದರು. 

"ಫೀಸಿನ ಚಿಂತೆನಾ ಅಮ್ಮಾ? ಹಾಗಿದ್ರೆ ಫೀಸು ಬೇಡ. ಔಷಧಿ ತಂದಿದೀನಿ, ಚುಚ್ಚಿ ಹೋಗ್ತೀನಿ."

ನೋಡಿ, ಅಲ್ಲಿಯೇ ನನ್ನ ಲೆಕ್ಕ ಎದ್ದು ಕುಳಿತದ್ದು. ಇವತ್ತು ಬೇಡದ ಹಣ ನಿನ್ನೆ ಹೇಗೆ ಬೇಕಿತ್ತು? ಪುಕ್ಕಟೆ ಹಾಕಲು ಆಗುತ್ತದೆ ಎಂದಾದರೆ ಮೊದಲಿನ ಎರಡು ದಿನ ಇವರು ನನ್ನನ್ನು ಸುಲಿದದ್ದೇ ಅಲ್ಲವೇ? ಇದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಗಟ್ಟಿಯಾಗಿ ಹೇಳಿದೆ. ಬ್ರಾಂಚಿಗೆ ಹೊರಟಿದ್ದ ನಾಲ್ಕೈದು ಹೆಂಗಸರು ದಾರಿಯಲ್ಲಿ ನಿಂತು ಕೇಳುತ್ತಿದ್ದರು. ಅವರು ನಿಂತದ್ದು ಕಂಡು ನನ್ನ ಸ್ವರ ಇನ್ನೂ ಏರಿತು. "ಇವತ್ತು ಬೇಡದ ಹಣ ನಿನ್ನೆ ಹೇಗೆ ಬೇಕಿತ್ತು ಡಾಕ್ಟ್ರೇ?" ಒಬ್ಬಳು ಕಿಸಕ್ಕೆಂದು ನಕ್ಕಳು.

ಡಾಕ್ಟ್ರು ಸೂಜಿಯ ಸ್ಟೀಲಿನ ಪೆಟ್ಟಿಗೆಯನ್ನು ಸೈಕಲಿನ ಹಿಂದೆ ಪುನಃ ಕಟ್ಟಿದರು. "ಐದು ಬೇಕಿತ್ತು..." ಎಂದರು. ನನಗಲ್ಲ, ಯಾರಿಗೂ ಅಲ್ಲ. ಸೈಕಲನ್ನು ಹತ್ತಲಿಲ್ಲ, ತಳ್ಳಿಕೊಂಡೇ ಹೋದರು.

ಒಂದು ವಾರ ಬೊಳ್ಳು ಚೆನ್ನಾಗಿತ್ತು. ನಾನು ಗೆದ್ದೆ ಎಂದುಕೊಂಡಿದ್ದೆ. ಎಂಟನೆಯ ದಿನ ಪುನಃ ಮಲಗಿತು. ಮೂಗಿನಲ್ಲಿ ರಕ್ತ ಬಂತು. ಮಗಳು, "ಅಮ್ಮ, ಡಾಕ್ಟ್ರನ್ನು ಕರೆಯುವ, ನಾನು ಓಡಿ ಹೋಗಿ ಕರ್ಕೊಂಡು ಬರ್ತೇನೆ" ಎಂದು ಚಪ್ಪಲಿ ಹಾಕಿ ನಿಂತಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಯಾವ ಮುಖ ಇಟ್ಟುಕೊಂಡು ಕರೆಯುವುದು? ಕರೆದರೆ ಆ ಹೆಂಗಸರೆಲ್ಲ ಏನು ಹೇಳಿಯಾರು? "ನಾಳೆ ನೋಡುವ" ಎಂದೆ.

ಮರುದಿನ ಬೆಳಿಗ್ಗೆ ಬೊಳ್ಳು ಜಗಲಿಯ ಕೆಳಗೆ, ಅದು ಮೊದಲು ಬಂದು ಮಲಗಿದ ಜಾಗದಲ್ಲೇ, ಸತ್ತು ಬಿದ್ದಿತ್ತು.

ಮಗಳು ಅಳಲಿಲ್ಲ. ಅತ್ತಿದ್ದರೆ ನಾನು ಬೈದೋ ತಬ್ಬಿಯೋ ಸಮಾಧಾನ ಮಾಡುತ್ತಿದ್ದೆ. "ಐದು ಅಂತ ಹೇಳಿದ್ದರಲ್ವಾ ಅಮ್ಮ" ಎಂದಳು, ಅಷ್ಟೇ. ಅದರ ನಂತರ ಈ ವಿಷಯ ನನ್ನ ಹತ್ತಿರ ಅವಳು ಒಂದು ದಿನವೂ ಎತ್ತಿಲ್ಲ. ಅವಳ ಮಗಳನ್ನು ಬೇರೆ ಎಲ್ಲ ಓದು ಬಿಟ್ಟು ಈ ಓದಿಗೇ ಯಾಕೆ ಕಳುಹಿಸಿದಳು ಎಂದು ನಾನೂ ಕೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ.

ಬೊಳ್ಳುವನ್ನು ಹೂತು ಮುಗಿಯಿತು. ಗೇಟಿನಲ್ಲಿ ಆಡಿದ ನನ್ನ ಮಾತು ಮಾತ್ರ ಮುಗಿಯಲಿಲ್ಲ. ಅದು ಬೀಡಿ ಬ್ರಾಂಚಿನಲ್ಲಿ ತಮಾಷೆಯಾಯಿತು, ಅಲ್ಲಿಂದ ಮನೆ ಮನೆಗೆ ಹೋಯಿತು. ನಾಯಿ ಬೆಕ್ಕಿಗೆಂದು ಡಾಕ್ಟ್ರು ಹೋದಲ್ಲೆಲ್ಲ ಯಾರಾದರೂ ಅದನ್ನೇ ಕೇಳಿ ನಗುತ್ತಿದ್ದರಂತೆ. ಮಳೆಗಾಲ ಬರುವ ಮೊದಲೇ ಅವರು ನಾಯಿ ಬೆಕ್ಕು ನೋಡುವುದನ್ನು ನಿಲ್ಲಿಸಿದರು. ದನಗಳನ್ನು ಮಾತ್ರ ನೋಡಿದರು, ತಲೆ ತಗ್ಗಿಸಿ ಬಂದು ತಲೆ ತಗ್ಗಿಸಿ ಹೋದರು. ಆ ವರ್ಷ ಉಣ್ಣಿ ಜ್ವರಕ್ಕೆ ನಮ್ಮ ಸುತ್ತಿನಲ್ಲಿ ಎಷ್ಟು ನಾಯಿಗಳು ಹೋದವೋ... ಒಂದೊಂದು ಮನೆಯ ಮುಂದೆಯೂ ಮಣ್ಣು ಕೆದರಿದ್ದು ಕಾಣುವಾಗ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಮರುವರ್ಷ ಅವರಿಗೆ ಕೊಕ್ಕಡದ ಕಡೆಗೆ ವರ್ಗವಾಯಿತು ಎಂದು ಕೇಳಿದೆ.

ಮತ್ತೆ ಮೂರು ನಾಲ್ಕು ವರ್ಷ ಕಳೆದ ಮೇಲೆ ನಾನೊಂದು ಆಡು ಸಾಕಿದ್ದೆ. ಅದನ್ನು ಎಳೆದುಕೊಂಡು ದನದ ಆಸ್ಪತ್ರೆಗೆ ಹೋದಾಗ ಅಲ್ಲಿನ ಅಟೆಂಡರ್ ನನ್ನ ಗುರುತು ಹಿಡಿದ. "ನೀವಲ್ವಾ ಅಕ್ಕ ಡಾಕ್ಟ್ರನ್ನು ಗೇಟಿನಿಂದ ಹಿಂದೆ ಕಳಿಸಿದ್ದು?" ಎಂದ. ಬೈಯುವ ಹಾಗೆ ಅಲ್ಲ, ಸುಮ್ಮನೆ. ನಾಯಿಯ ಮದ್ದು ಆಗ ಆಸ್ಪತ್ರೆಗೆ ಬರುತ್ತಲೇ ಇರಲಿಲ್ಲ, ದನದ್ದು ಮಾತ್ರ ಬರುತ್ತಿತ್ತು ಎಂದು ಅವನೇ ಹೇಳಿದ. ಡಾಕ್ಟ್ರು ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋಗಿ ತಮ್ಮ ಕೈಯಿಂದ ಹಣ ಹಾಕಿ ತರುತ್ತಿದ್ದರು. ಅವರು ತೆಗೆದುಕೊಂಡ ಫೀಸು ಆ ಮದ್ದಿನ ಅರ್ಧಕ್ಕೂ ಸಾಲುತ್ತಿರಲಿಲ್ಲ. "ನಿಮ್ಮ ನಾಯಿಗೆ ಅಂತ ತಂದದ್ದು ಮೂರು ಸೀಸೆ ಉಳಿದಿತ್ತು ಅಕ್ಕ. ಅವರು ಹೋಗುವ ತನಕ ಈ ಕಪಾಟಿನಲ್ಲೇ ಇತ್ತು. ಬಿಸಾಡ್ಲಿಕ್ಕೆ ಬಿಡಲಿಲ್ಲ."

ಆಡನ್ನು ಎಳೆದುಕೊಂಡು ಮನೆಗೆ ಬಂದು ಬಸ್ಸಿಗೆ ಹಣ ಎಣಿಸಿಟ್ಟೆ.

ಮರುದಿನವೇ ಹೊರಟೆ. ಬೆಳ್ತಂಗಡಿಗೆ ಹೋಗಿ, ಉಜಿರೆಯಲ್ಲಿ ಬಸ್ಸು ಬದಲಿಸಿ, ಕೇಳಿ ಕೇಳಿ ಕೊಕ್ಕಡದ ದನದ ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ ಆಗಿತ್ತು. ಅಲ್ಲಿದ್ದವರು, "ಯಾವ ಡಾಕ್ಟ್ರು? ಹೆಸರು ಹೇಳಿ" ಎಂದರು. ನನಗೆ ಹೆಸರು ಗೊತ್ತಿರಲಿಲ್ಲ. ಮೂರು ದಿನ ನನ್ನ ಮನೆಗೆ ಬಂದ ಮನುಷ್ಯನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಘಟ್ಟದವರು, ತೆಳ್ಳಗೆ, ಸೈಕಲು ಎಂದೆ. "ಅಂಥವರು ಇಲ್ಲಿಗೆ ಎಷ್ಟೋ ಜನ ಬಂದು ಹೋಗಿದ್ದಾರೆ ಅಮ್ಮ" ಎಂದು ಅವರು ಕುಡಿಯಲು ನೀರು ಕೊಟ್ಟರು. ಅಷ್ಟೇ. ಈಗ ಅವರು ಇದ್ದಾರೋ ಇಲ್ಲವೋ... ಇದ್ದರೆ ತುಂಬ ವಯಸ್ಸಾಗಿರುತ್ತದೆ. ಇಲ್ಲ ಎಂದೇ ನನ್ನ ಮನಸ್ಸು ಹೇಳುತ್ತದೆ.

ಫೀಸು ಜಾಸ್ತಿಯೋ ಅಲ್ಲವೋ ಎಂಬ ಮಾತು ಈಗಲೂ ಮುಗಿದಿಲ್ಲ. ಮೊಮ್ಮಗಳ ಕ್ಲಿನಿಕ್ಕಿನ ಬೆಂಚಿನಲ್ಲಿ ಕುಳಿತು ದಿನವೂ ಕೇಳುತ್ತೇನೆ. ರಕ್ತ ಪರೀಕ್ಷೆ, ಡ್ರಿಪ್ಸು, ಲಸಿಕೆ ಎಂದು ಸೇರಿಸಿದರೆ ಈಗಿನದು ಸಣ್ಣ ಮೊತ್ತವಲ್ಲ. ಕೂಲಿಗೆ ಹೋಗುವವರ ಒಂದು ದಿನ ಹೋಗುತ್ತದೆ, ಕೆಲವೊಮ್ಮೆ ವಾರವೇ ಹೋಗುತ್ತದೆ. ಅದು ಸುಳ್ಳೆಂದು ನಾನು ಹೇಗೆ ಹೇಳಲಿ? ಐದು ದಿನದ ಬೀಡಿ ಎಂದರೆ ಏನೆಂದು ನನ್ನ ಬೆರಳಿಗೆ ಗೊತ್ತು. ಇತ್ತ ಕೋಣೆಯ ಬಾಡಿಗೆ, ಮದ್ದಿನ ಬೆಲೆ, ಸಾಲ ಮಾಡಿ ತಂದ ಯಂತ್ರ, ಅದೂ ಸುಳ್ಳಲ್ಲ. ಕೊಡುವವರದ್ದೂ ಸರಿ, ತೆಗೆದುಕೊಳ್ಳುವವರದ್ದೂ ಸರಿ. ನಡುವೆ ಮೇಜಿನ ಮೇಲೆ ಮಲಗಿರುವ ಜೀವಕ್ಕೆ ಮಾತ್ರ ಎರಡೂ ಗೊತ್ತಿಲ್ಲ. ಇದಕ್ಕೆ ದಾರಿ ಏನೆಂದು ಇಷ್ಟು ವರ್ಷದಲ್ಲಿ ನನಗೆ ಹೊಳೆದಿಲ್ಲ. ಇನ್ನು ಹೊಳೆಯುವುದೂ ಇಲ್ಲ.

ಮೊನ್ನೆ ಒಬ್ಬ ಹೆಂಗಸು ರಟ್ಟಿನ ಪೆಟ್ಟಿಗೆಯಲ್ಲಿ ಬೆಕ್ಕನ್ನು ತಂದಿದ್ದಳು. ಮೊಮ್ಮಗಳು ಸೂಜಿ ಹಾಕಿ, ನಾಳೆ ನಾಡಿದ್ದು ಪುನಃ ತರಬೇಕು ಎಂದಳು. ಹಣ ಹೇಳಿದಾಗ ಆ ಹೆಂಗಸಿಗೆ ಸಿಟ್ಟು ಬಂತು. "ಬೆಕ್ಕಿಗೆ ಇಷ್ಟಾ? ನಮಗೆ ಜ್ವರ ಬಂದರೆ ಮನುಷ್ಯರ ಡಾಕ್ಟ್ರೇ ಇಷ್ಟು ತೆಗೊಳ್ಳುವುದಿಲ್ಲ!"

ನನ್ನ ಮೊಮ್ಮಗಳು, ನನ್ನ ಬಂಗಾರ, ಮೆಲ್ಲಗೆ ಅಂದಳು: "ಇವತ್ತಿನದ್ದು ಬೇಡ ಅಕ್ಕ. ನಾಳೆಯೂ ಬೇಡ. ಬೆಕ್ಕನ್ನು ಮಾತ್ರ ತಪ್ಪದೆ ಕರ್ಕೊಂಡು ಬನ್ನಿ, ಆಯ್ತಾ?"

ಆ ಹೆಂಗಸಿನ ಮುಖವನ್ನು ನಾನು ನೋಡಿದೆ. ಸಿಟ್ಟು ಇಳಿಯಿತು, ಅದರ ಜಾಗದಲ್ಲಿ ನನ್ನ ಆ ಹಳೇ ಲೆಕ್ಕವೇ ಬಂದು ಕುಳಿತಿತು. ಅವಳು ಪೆಟ್ಟಿಗೆ ಎತ್ತಿಕೊಂಡು ಹೊರಟಳು. ಅವಳ ಹಿಂದೆ ಓಡಿ, ನಿಲ್ಲು ತಂಗೀ ಎನ್ನಬೇಕೆಂದು ಎದ್ದೆ. ಗಂಟು ನೋವಿನ ಕಾಲು, ಮೆಟ್ಟಿಲು ಇಳಿಯುವಷ್ಟರಲ್ಲಿ ಅವಳು ಬಸ್ಸು ಹತ್ತಿ ಆಗಿತ್ತು.

ಮರುದಿನ ಮಧ್ಯಾಹ್ನ ಕ್ಲಿನಿಕ್ಕು ಮುಚ್ಚುವ ಹೊತ್ತಾದರೂ ಮೊಮ್ಮಗಳು ಶಟರ್ ಎಳೆಯಲಿಲ್ಲ. ಬೆಕ್ಕಿನ ಮದ್ದನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದಳು. ಬಸ್ಸು ನಿಂತಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದಳು.

"ಬರ್ತಾರಲ್ವಾ ಅಜ್ಜಿ?" ಎಂದಳು.

"ಬರ್ತಾಳೆ ಮಗಾ" ಎಂದೆ ನಾನು. ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಆ ಪೇಟೆಯಲ್ಲಿ ಇನ್ನೊಬ್ಬರು ಇರಲಿಲ್ಲ.