ಬಾಗಿನಕ್ಕೆ ಕೊಟ್ಟ ನೀರು

ಜಗುಲಿಯಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದೆ. ನೀರುಗಂಟಿ ಬಂದು ಅಂಗಳದಲ್ಲೇ ನಿಂತ. ನಾಲೆಯ ತೂಬು ತೆಗೆಯುವುದು, ಮುಚ್ಚುವುದು ಅವನ ಕೆಲಸ. ಬಂದಾಗಲೆಲ್ಲ ಮಜ್ಜಿಗೆ ಕೇಳುವವನು ಆ ದಿನ ಕೇಳಲಿಲ್ಲ.

“ಅವ್ವಾರೆ, ಇವತ್ತು ನಿಮ್ಮ ಸರದಿ ಅಂತ ತೂಬು ಎತ್ತಿದ್ದೆ. ನಿಮ್ ತ್ವಾಟಕ್ಕೆ ಒಂದ್ ತೊಟ್ಟೂ ಓಗ್ಲಿಲ್ಲ. ನಿಮ್ಮಣ್ಣಾರು ಕಾಲ್ವೆ ಮುಚ್ಚಿಸ್ಬುಟ್ಟವ್ರೆ.”

ಅದು ಯುದ್ಧದ ಕಾಲ. ರಬ್ಬರಿಗೆ ಬೆಲೆ ಬಂದಿದೆ ಎಂದು ಹಾಸನದಲ್ಲಿ ಯಾರೋ ಹೇಳಿದ್ದನ್ನು ನಂಬಿ ನಮ್ಮ ಯಜಮಾನರು ಮಡಿಕೇರಿ ಕಡೆಯಿಂದ ಸಸಿ ತರಿಸಿ, ಆಷಾಢದಲ್ಲಿ ನೆಟ್ಟಿದ್ದರು. ಹೊಳೆನರಸೀಪುರದ ನಮ್ಮ ಸುತ್ತಿನಲ್ಲಿ ಆ ಮರ ಕಂಡವರೇ ಇರಲಿಲ್ಲ. ಮಳೆ ನಿಂತ ಮೇಲೆ ನೀರು ಹಾಯಿಸದಿದ್ದರೆ ಎಳೆಯ ಸಸಿ ಒಣಗುತ್ತದೆಂದು ಕೊಟ್ಟವರೇ ಎಚ್ಚರಿಸಿದ್ದರು. ನಾಲೆಗೂ ನಮ್ಮ ತೋಟಕ್ಕೂ ನಡುವೆ ಇದ್ದದ್ದು ನನ್ನ ಅಣ್ಣನ ಹೊಲ.

ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನ ತಂದ ಅಣ್ಣ, ಮೊರದ ಮೇಲೆ ಕೈಯಿಟ್ಟು, “ಈ ಸಲ ನಿಂಗೆ ನೀರ್ನೂ ಬಾಗಿನ ಕೊಟ್ಟಿವ್ನಿ ಕಣಮ್ಮಿ. ನನ್ ಒಲದಾಗೆ ಕಾಲ್ವೆ ತೆಗ್ಸ್ಕೊಳ್ಳಿ” ಎಂದ. ಅವನು ಹೋದ ಮೇಲೆ ಯಜಮಾನರು ನಾಲ್ಕು ಜನರ ಮುಂದೆ ಒಂದು ಕಾಗದ ಮಾಡಿಸೋಣವೆಂದರು. ನನಗೆ ಸಿಟ್ಟು ಬಂತು.

“ಬಾಗಿನಕ್ಕೆ ಯಾರಾದ್ರೂ ಕಾಗ್ದ ಬರ್ಸ್ಕೊಂಡವ್ರಾ?”

ತವರಿನವರು ಗೌರಿಯ ಮುಂದೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನಮ್ಮಲ್ಲಿಲ್ಲ. ಯಜಮಾನರು ಕಾಗದದ ಮಾತು ಬಿಟ್ಟರು. ಆಳುಗಳ ಜೊತೆ ತಾವೂ ಗುದ್ದಲಿ ಹಿಡಿದು ಕಾಲುವೆ ತೋಡಿದರು. ಅಂಗೈಯ ಬೊಬ್ಬೆಗೆ ಹರಳೆಣ್ಣೆ ಹಚ್ಚುವಾಗಲೆಲ್ಲ ಅಣ್ಣನ ಗುಣ ಹೊಗಳುತ್ತಿದ್ದವಳು ನಾನೇ.

ನೀರುಗಂಟಿಯ ಮಾತು ಕೇಳಿ, ಕಾಳು ಹಾಗೇ ಬಿಟ್ಟು ಅಣ್ಣನ ಹೊಲಕ್ಕೆ ಹೋದೆ. ನಮ್ಮ ಬದುವಿನ ಹತ್ತಿರ ಕಾಲುವೆಗೆ ಮಣ್ಣು ತುಂಬಿತ್ತು. ನೀರು ಪಕ್ಕಕ್ಕೆ ತಿರುಗಿ, ಅಣ್ಣ ಹೊಸದಾಗಿ ಇಟ್ಟ ತೆಂಗಿನ ಸಸಿಗಳ ಪಾತಿಗೆ ಹರಿಯುತ್ತಿತ್ತು.

“ಇದೇನಣ್ಣಯ್ಯ?” ಎಂದೆ, ಪಾತಿಯ ಬಳಿ ನಿಂತಿದ್ದ ಅವನಿಗೆ.

“ಆ ಅಂಟಿನ ಮರಕ್ಕೆ ನೀರ್ ಉಯ್ದು ಏನ್ ಕಾಣ್ತೀರಿ? ತೆಂಗಾದ್ರೆ ದೇವ್ರಿಗೊಂದು ಕಾಯಾದ್ರೂ ಆಯ್ತದೆ.”

“ಬಾಗಿನ ಅಂತ ಕೊಟ್ಟೆಯಲ್ಲ!”

“ಅದು ಓದ ಗೌರೀದು ಕಣಮ್ಮಿ,” ಎಂದು ನಕ್ಕ. “ಬರೋ ವರ್ಸ ಬತ್ತಾಳಲ್ಲ, ಆಗ ನೋಡಾನ.”

ಕಾಲುವೆ ಮುಗಿಯುವವರೆಗೆ ಅವನು ಕಾದಿದ್ದ. ನನ್ನ ಗಂಡನ ಕೈಯಿಂದಲೇ ತನ್ನ ತೆಂಗಿಗೆ ಕಾಲುವೆ ತೋಡಿಸಿಕೊಂಡಿದ್ದ. ತಾಯಿ ಸತ್ತ ಮೇಲೆ ನನಗೆ ತವರೆಂದರೆ ಅವನೊಬ್ಬನೇ. ಮರುವರ್ಷ ಅವನು ಕಳಿಸಿದ ಮೊರವನ್ನು ಹಿಂದಕ್ಕೆ ಕಳಿಸಲಿಲ್ಲ, ತೆಗೆದುಕೊಂಡೆ. ದೇವರ ಮುಂದೆ ಮಾತ್ರ ಇಡಲಿಲ್ಲ. ಶಿವ ಕ್ಷಮಿಸಲಿ.

ಆ ದಿನ ಹೊಲದಿಂದ ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಕಾಗದದ ಮಾತನ್ನು ಅವರು ಎತ್ತಿಯೇ ಎತ್ತುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಎತ್ತಲಿಲ್ಲ. ಆ ದಿನವಷ್ಟೇ ಅಲ್ಲ, ಸಾಯುವವರೆಗೂ ಎತ್ತಲಿಲ್ಲ. ನನಗೆ ಸಿಕ್ಕ ದೊಡ್ಡ ಪುಣ್ಯ ಅದು.

“ಬಾವಿ ಅಗ್ಗ ಗಟ್ಟಿಯಾಗೈತಾ?” ಎಂದಷ್ಟೇ ಕೇಳಿದರು.

“ಐತೆ.”

“ಒತ್ತಿರ ಇರೋ ಎರಡು ಸಾಲಿಗಾದ್ರೂ ಕೊಡದಾಗೆ ನೀರ್ ಒತ್ತು ಆಕಾನ. ಮಿಕ್ಕಿದ್ದು ಅವನಿಚ್ಚೆ.”

ಅವರು ಮೇಲೆ ನೋಡಿ ‘ಅವನು’ ಎಂದದ್ದು ಶಿವನನ್ನು. ಎರಡು ಕೊಡ ತುಂಬಿಸಿಕೊಂಡು ತೋಟದ ಕಡೆ ನಡೆದರು. ನಾನೂ ಇನ್ನೆರಡು ಕೊಡ ಸೇದಿ ಕಟ್ಟೆಯ ಮೇಲಿಟ್ಟೆ. ಕೊಟ್ಟಿಗೆಯಲ್ಲಿ ಹಸು ಆಗಲೇ ಕೂಗುತ್ತಿತ್ತು. ಮುಸುರೆಗೆ ಒಂದು ಹಿಡಿ ತೌಡು ಕಲಸಿ ಅದರ ಮುಂದಿಡಲು ಹೋದೆ.