ಮರಿ ಬಿಡುವ ಹೊತ್ತು

ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ದೆವ್ವ, ಕಣಿ, ಮೈಮೇಲೆ ಬರುವುದು, ಇವೆಲ್ಲ ಹೊತ್ತು ಹೋಗದವರ ಹರಟೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವಳು ನಾನು. ಈಗಲೂ ಅದೇ ಬಾಯಿ. ಆದರೆ ಎಪ್ಪತ್ತರ ದಶಕದಲ್ಲಿ, ಚಿತ್ರದುರ್ಗದ ಹತ್ತಿರದ ಒಂದು ಹಟ್ಟಿಯಲ್ಲಿ, ಒಂದು ಸಂಜೆ ನಡೆದದ್ದನ್ನು ಏನೆಂದು ಕರೆಯಬೇಕೋ ಇನ್ನೂ ತಿಳಿದಿಲ್ಲ.

ನನ್ನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ದುರ್ಗದ ಒಂದು ಅನಾಥಾಲಯದಲ್ಲಿ ಬೆಳೆದವಳು. ಹಸುಗೂಸಾಗಿದ್ದಾಗ ಯಾರೋ ಬಾಗಿಲಲ್ಲಿ ಬಿಟ್ಟು ಹೋಗಿದ್ದರಂತೆ. ಯಾರೆಂದು ಅಲ್ಲಿಯವರಿಗೂ ಗೊತ್ತಿರಲಿಲ್ಲ. ಓದಿದೆ, ಕೆಲಸ ಹಿಡಿದೆ, ಬಾಡಿಗೆಗೆ ಒಂದು ಕೋಣೆ ಮಾಡಿದೆ. ಹಬ್ಬ ಬಂದರೆ ಮಾತ್ರ ತಡೆಯಲಾಗುತ್ತಿರಲಿಲ್ಲ. ಜೊತೆಯವರೆಲ್ಲ ಚೀಲ ಹಿಡಿದು ಊರಿಗೆ ಹೊರಟರೆ, ನಾನು ಬಾಗಿಲು ಹಾಕಿಕೊಂಡು ಒಬ್ಬಳೇ ಅನ್ನ ಸಾರು ಮಾಡಿಕೊಂಡು ಉಣ್ಣುತ್ತಿದ್ದೆ. ಬಸ್ಸಿನಲ್ಲಿ, ಸಂತೆಯಲ್ಲಿ ವಯಸ್ಸಾದ ಹೆಂಗಸರನ್ನು ಕಂಡರೆ ಅವರ ಮೂಗು, ಹುಬ್ಬು ನೋಡುತ್ತಾ ನಿಂತುಬಿಡುತ್ತಿದ್ದೆ. ನನ್ನ ತಾಯಿ ಯಾರೆಂದು ಒಂದು ಸಲ ಗೊತ್ತಾದರೆ ಸಾಕಿತ್ತು, ಜೊತೆಗೆ ಬಾ ಎಂದು ಕೂಡ ನಾನು ಕೇಳುತ್ತಿರಲಿಲ್ಲ.

ತಲೆಗೆ ಪೆಟ್ಟು ಬಿದ್ದು ಬದುಕಿಕೊಂಡವರು ಮನೆಗೆ ಹೋದ ಮೇಲೆ ಏನಾಗುತ್ತಾರೆ ಎಂದು ಬೆಂಗಳೂರಿನ ಒಬ್ಬ ಡಾಕ್ಟರು ಸಂಶೋಧನೆ ಮಾಡುತ್ತಿದ್ದರು. ಗಾಯ ಮಾಯುವುದು ಆಸ್ಪತ್ರೆಯಲ್ಲಿ, ಮಿದುಳು ವಾಸಿಯಾಗುವುದು ಮನೆಯಲ್ಲಿ, ಅದನ್ನು ಹೋಗಿ ನೋಡಬೇಕು ಎನ್ನುತ್ತಿದ್ದರು. ಹಿರಿಯೂರು, ಹೊಳಲ್ಕೆರೆ, ದುರ್ಗದ ಸುತ್ತಿನ ಊರುಗಳಲ್ಲಿ ಅಂಥವರನ್ನು ಮಾತಾಡಿಸಿ ಬರುವುದು ನನ್ನ ಕೆಲಸ. ಅಲೆದಾಟದ ಕೆಲಸ ನನಗೆ ಹಿಡಿಸಿತ್ತು. ಕೋಣೆಗೆ ಬಂದು ಗೋಡೆ ನೋಡುವುದು ಅಷ್ಟು ಕಡಿಮೆಯಾಯಿತು.

ಅಂಥವರಲ್ಲಿ ಒಬ್ಬ ಕಾಟಪ್ಪ, ಕುರಿ ಸಾಕುವವನು, ಅವನ ಹಟ್ಟಿ ಹಿರೇಗುಂಟನೂರಿನಿಂದ ಆಚೆಗಿತ್ತು. ಕುರಿಗೆ ಸೊಪ್ಪು ಕಡಿಯಲು ಅರಳಿಮರ ಹತ್ತಿದವನು ಕೊಂಬೆ ಮುರಿದು ತಲೆಕೆಳಗಾಗಿ ಬಿದ್ದಿದ್ದ. ಬದುಕಿದ್ದೇ ಹೆಚ್ಚು. ಕೈಕಾಲು ನೆಟ್ಟಗಿದ್ದವು, ಮಾತು ಕಡಿಮೆಯಾಗಿತ್ತು, ಆದರೆ ಮನುಷ್ಯರ ಮುಖ ಒಂದೂ ಗುರುತು ಸಿಗುತ್ತಿರಲಿಲ್ಲ. ದನಿ ಕೇಳಿದರೆ ಇಂಥವರು ಎಂದು ತಿಳಿಯುತ್ತಿತ್ತು. ಡಾಕ್ಟರು ಹೇಳಿಕೊಟ್ಟಂತೆ ನಾನು ಅವನ ಹೆಂಡತಿ ಈರಮ್ಮನನ್ನು ಮಾತಾಡಿಸದೆ ಅವನೆದುರು ನಿಲ್ಲಿಸಿ, ಇವರು ಯಾರು ಎಂದು ಕೇಳಿದೆ. ಅವನು ಬಹಳ ಹೊತ್ತು ನೋಡಿ, “ಯಾವುದೋ ಹೆಣ್ಮಗಳು” ಎಂದ.

“ಕೇಳಿದ್ಯೇನವ್ವ? ಕೈ ಬೊಬ್ಬೆ ಬರಂಗೆ ಮುದ್ದೆ ತಿರುವಿ ಹಾಕಿದೀನಿ, ಯಾವುದೋ ಹೆಣ್ಮಗಳಂತೆ!” ಎಂದು ಈರಮ್ಮ ನಕ್ಕಳು. ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಕುರಿ ಮಾತ್ರ ಒಂದೂ ತಪ್ಪಲ್ಲ. ಕುಂತ್ಕಳ್ರಿ, ನೋಡೀರಂತೆ.”

ಹೊತ್ತು ಮುಳುಗುವಾಗ ಅವನ ತಮ್ಮ ಕುರಿ ಹೊಡೆದುಕೊಂಡು ಬಂದ. ಎಳೆ ಮರಿಗಳನ್ನು ಮೇಯಲು ಒಯ್ಯುವುದಿಲ್ಲ, ಹಗಲೆಲ್ಲ ಹಟ್ಟಿಯಲ್ಲೇ ಕೂಡಿ ಹಾಕಿರುತ್ತಾರೆ. ಸಂಜೆ ಅವನ್ನು ಬಿಟ್ಟರೆ ಕುರಿ ಕೂಡುವ ರೊಪ್ಪದಲ್ಲಿ ಕಿವಿಗಡಚಿಕ್ಕುವ ಗಲಾಟೆ. ಬಲವಾದ ಮರಿಗಳು ತಾಯಿಯನ್ನು ತಾವೇ ಹುಡುಕಿಕೊಳ್ಳುತ್ತವೆ. ಮೊನ್ನೆ ನಿನ್ನೆ ಹುಟ್ಟಿದವು ದಿಕ್ಕು ತೋಚದೆ ಅರಚುತ್ತವೆ. ಕಾಟಪ್ಪ ಒಂದೊಂದನ್ನೇ ಎತ್ತಿ, ಮುಖ ನೋಡಿ, ಆ ಮಂದೆಯೊಳಗೆ ನುಗ್ಗಿ ಅದರ ತಾಯಿಯ ಮುಂದೆ ಇಳಿಸುತ್ತಿದ್ದ. ತಾಯಿ ಮೂಸಿ ಒಪ್ಪಿಕೊಳ್ಳುವವರೆಗೆ ಅಲ್ಲೇ ನಿಂತಿರುತ್ತಿದ್ದ. ಒಂದಾದರೂ ತಪ್ಪಬೇಕಲ್ಲ ಎಂದು ನಾನು ಕಣ್ಣು ನೆಟ್ಟು ಕೂತಿದ್ದೆ. ತಪ್ಪಲಿಲ್ಲ.

ಎಲ್ಲ ಮರಿಗಳೂ ಹಾಲಿಗೆ ಬಿದ್ದು ಸದ್ದಡಗಿತು. ಕಾಟಪ್ಪ ಸುತ್ತ ನೋಡಿದ. ಇನ್ನೊಂದು ಉಳಿದಿದೆ ಎನ್ನುವ ಹಾಗೆ ನೋಡಿದ. ಆಮೇಲೆ ನೆಟ್ಟಗೆ ನನ್ನ ಕಡೆ ಬಂದು ನನ್ನ ಮುಖ ದಿಟ್ಟಿಸಿ ಮಣಿಕಟ್ಟು ಹಿಡಿದ.

“ಅಯ್ಯೋ, ಬಿಡ್ರಿ ಆಯಮ್ಮನ್ನ! ಆಸ್ಪತ್ರೆಯೋರು!” ಎಂದು ಈರಮ್ಮ ಕೂಗಿಕೊಂಡಳು. ಅವನು ಬಿಡಲಿಲ್ಲ. ನೋಯಿಸಲೂ ಇಲ್ಲ. ನಾನು ಯಾಕೆ ಕೈ ಕಿತ್ತುಕೊಳ್ಳಲಿಲ್ಲವೋ ಗೊತ್ತಿಲ್ಲ, ಸುಮ್ಮನೆ ಹಿಂದೆ ಹೋದೆ. ಗುಡಿಸಲುಗಳನ್ನು ದಾಟಿ, ಹಟ್ಟಿಯ ಕೊನೆಯ ಮನೆಗೆ ಬಂದೆವು. ಹೊಸ್ತಿಲಲ್ಲಿ ಒಬ್ಬ ವಯಸ್ಸಾದ ಹೆಂಗಸು ಲಾಟೀನಿನ ಗಾಜು ಒರೆಸುತ್ತಿದ್ದಳು. ಅವನು ನನ್ನನ್ನು ಅವಳ ಮುಂದೆ ಕೂರಿಸಿ, ಒಂದು ಗಳಿಗೆ ನಿಂತು ನೋಡಿ, ಬಂದ ದಾರಿಯಲ್ಲೇ ಹೊರಟುಹೋದ.

ಆಕೆಯ ಹೆಸರು ಮಾರಕ್ಕ, ಚಿಕ್ಕ ವಯಸ್ಸಿಗೇ ಗಂಡ ಸತ್ತ ಒಂಟಿ ಹೆಂಗಸು ಎಂದು ಆಮೇಲೆ ತಿಳಿಯಿತು. ಆಗ ನನಗೆ ಕಂಡದ್ದು ಅವಳು ಗಾಜನ್ನು ನೆಲಕ್ಕಿಟ್ಟದ್ದು. ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಾಯಿ ಬಿಟ್ಟಿರಲಿಲ್ಲ. ಯಾರೆಂದೂ ಹೇಳಿರಲಿಲ್ಲ, ಏನೂ ಕೇಳಿರಲಿಲ್ಲ. ಅವಳೇ ಹೇಳಿದಳು, “ನಂಗೆ ಮಕ್ಕಳಿಲ್ಲ ಕಣವ್ವ.”

ಅಷ್ಟರಲ್ಲಿ ಈರಮ್ಮ ಓಡಿ ಬಂದು, ತಪ್ಪು ತಿಳ್ಕಬ್ಯಾಡಿ ಎಂದು ನನ್ನನ್ನು ಎಬ್ಬಿಸಿಕೊಂಡು ಹೋದಳು. ಕಡೆಯ ಬಸ್ಸಿಗೆ ಹೊತ್ತಾಗಿತ್ತು. ಇದಕ್ಕೆ ಮೊದಲು ಅವನು ಯಾರನ್ನೂ ಹೀಗೆ ಎಳೆದುಕೊಂಡು ಹೋಗಿರಲಿಲ್ಲವಂತೆ.

ಡಾಕ್ಟರಿಗೆ ಎಲ್ಲ ಹೇಳಿದೆ. ಮಿದುಳಿಗೆ ಪೆಟ್ಟು ಬಿದ್ದವನಿಗೆ ಕುರಿ ಯಾವುದು, ಮನುಷ್ಯರು ಯಾರು ಎಂಬುದು ಕಲಸಿಹೋಗಿರಬೇಕು, ಹೊಸ ಮುಖ ಕಂಡು ಯಾರ ಮುಂದೋ ಬಿಟ್ಟಿದ್ದಾನೆ ಎಂದರು. ಮಕ್ಕಳಿಲ್ಲದ ಹೆಂಗಸು ಅಪರಿಚಿತಳ ಮುಂದೆ ತನ್ನ ಕೊರಗು ಹೇಳಿಕೊಳ್ಳುವುದರಲ್ಲಿ ಏನು ವಿಚಿತ್ರ ಎಂದೂ ಕೇಳಿದರು. ಸರಿಯಾದ ಮಾತೇ. ಬೇರೆಯವರ ವಿಷಯವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಕಟ್ಟಿಕೊಂಡ ಹೆಂಡತಿಯ ಮುಖವೇ ತಿಳಿಯದವನು ನನ್ನ ಮುಖದಲ್ಲಿ ಏನು ಕಂಡ?

ನಾನಾಗಿ ಹೋಗಿ ಕೇಳುವ ಧೈರ್ಯ ಬರಲಿಲ್ಲ, ಮತ್ತೆ ಆ ಕಡೆ ಕಳಿಸಿದ್ದು ಮರುವರ್ಷ. ದಾರಿಯುದ್ದಕ್ಕೂ ಮಾರಕ್ಕನನ್ನು ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ಮಾತು ಜೋಡಿಸಿಕೊಂಡು ಹೋದೆ. ಮಾರಕ್ಕ ಬೇಸಿಗೆಯಲ್ಲೇ ತೀರಿಕೊಂಡಿದ್ದಳು. ಗಂಡ ಹೋದ ಮೇಲೆ ಸ್ವಲ್ಪ ಕಾಲ ದುರ್ಗದಲ್ಲಿ ಕೂಲಿ ಮಾಡಿಕೊಂಡಿದ್ದಳು ಎನ್ನುವುದು ಬಿಟ್ಟರೆ ಹಟ್ಟಿಯವರಿಗೆ ಹೆಚ್ಚಿಗೆ ಗೊತ್ತಿರಲಿಲ್ಲ.

ಈರಮ್ಮ ಮಾತ್ರ ಕುಣಿಯುವುದೊಂದು ಬಾಕಿ. “ನನ್ನ ಮಖ ಗುರ್ತು ಸಿಗ್ತೈತೆ ಕಣವ್ವ ಇವ್ರಿಗೆ! ಎಲ್ಲಾರ್ದೂ ಸಿಗ್ತೈತೆ! ಮರಿ ಒಂದೊಂದು ತಪ್ತಾವೆ, ತಪ್ಲಿ ಬಿಡು.” ನಾನು ಮರಿ ಬಿಡುವವರೆಗೂ ಕಾದು ರೊಪ್ಪದ ಹತ್ತಿರ ಹೋಗಿ ನಿಂತೆ. ಕಾಟಪ್ಪ ಕೆಲಸ ಮುಗಿಸಿ ನನ್ನ ಮುಂದೆ ಬಂದ. ಮಣಿಕಟ್ಟು ಹಿಡಿಯಲಿ ಎಂದು ನಾನೇ ಕೈ ಸ್ವಲ್ಪ ಮುಂದೆ ಮಾಡಿದೆ. ಅವನು ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡು ಬಹಳ ಮರ್ಯಾದೆಯಿಂದ ಕೇಳಿದ.

“ಯಾರವ್ವ ನೀವು? ಯಾರ ಮಗಳು?”

ಒಬ್ಬ ಮನುಷ್ಯ ಹುಷಾರಾದನಲ್ಲ ಎಂದು ನಾನು ಸಂತೋಷಪಡಬೇಕಾಗಿತ್ತು. ಈರಮ್ಮನ ಎದುರು ಸಂತೋಷಪಟ್ಟ ಹಾಗೇ ಮಾಡಿದೆ. ದುರ್ಗದ ಬಸ್ಸು ಹತ್ತಿ, ಕಿಟಕಿಯ ಕಡೆ ಮುಖ ಮಾಡಿಕೊಂಡು, ಇವನು ಯಾಕಾದರೂ ವಾಸಿಯಾದನೋ ಎಂದು ಅತ್ತೆ.